ಕಿಂಗ್‌ಫಿಷರ್ ಡಚ್ಚರ ಕೈಗೆ ಹೋಗಿದ್ದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಯುನೈಟೆಡ್ ಬ್ರೂವರೀಸ್‌ನ ಒಂದಿಷ್ಟು ಷೇರುಗಳಿವೆ. ಕಿಂಗ್‌ಫಿಷರ್ ಅಂದ್ರೆ ಬೆಂಗಳೂರಿನ ಕಂಪನಿ ಅಂತಲೇ ಅಂದುಕೊಂಡಿದ್ದೆ. ಮೊನ್ನೆ ವಾರ್ಷಿಕ ವರದಿ ತೆಗೆದು ನೋಡಿದರೆ ಶೇ 60ಕ್ಕೂ ಜಾಸ್ತಿ ಪಾಲು ನೆದರ್ಲೆಂಡ್ಸ್‌ನ ಹೈನೆಕೆನ್‌ದು. ಮಲ್ಯ ಸಾಲ ಮಾಡಿಕೊಂಡಿದ್ದಕ್ಕೆ ಹೀಗಾಯ್ತಾ, ಇಲ್ಲಾ ಅದಕ್ಕೂ ಮೊದಲೇ ಮಾರಿಬಿಟ್ಟಿದ್ದರಾ? ಅಷ್ಟು ಚಿಕ್ಕ ದೇಶದ ಕಂಪನಿ ಪ್ರಪಂಚ ತುಂಬಾ ಹಬ್ಬಿದ್ದಾದರೂ ಹೇಗೆ? (ಓದುಗರೊಬ್ಬರು, ಸುರತ್ಕಲ್)

ಉತ್ತರ: ನೀವು ಕೇಳಿದ ಎರಡರಲ್ಲೂ ನಿಜ ಇದೆ. ಮಲ್ಯ ಅವರ ಸಾಲದಿಂದ ಹೈನೆಕೆನ್‌ಗೆ ಸಿಕ್ಕಿದ್ದು ಕೊನೆಯ ಕಂತು. ಮೊದಲ ಕಂತು ಅದಕ್ಕೂ ಎಷ್ಟೋ ಮೊದಲು, 2008ರಲ್ಲೇ ಸಿಕ್ಕಿತ್ತು. ಅದು ಬೆಂಗಳೂರಿನಲ್ಲಿ ನಡೆದ ವ್ಯವಹಾರವೂ ಅಲ್ಲ, ಬ್ರಿಟನ್ನಿನ ಒಂದು ಕಂಪನಿ ಮಾರಾಟವಾದಾಗ ಕೈಗೆ ಬಂದಿದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಹೈನೆಕೆನ್ ಎಂಥ ಕಂಪನಿ ಅಂತ ನೋಡೋಣ. ಅದರ ಚರಿತ್ರೆ ಓದುವಾಗ ಎಲ್ಲರೂ ಬಿಯರಿನ ಕಡೆಗೇ ಗಮನ ಕೊಡುತ್ತಾರೆ. ನನ್ನನ್ನು ಕೇಳಿದರೆ ನೋಡಬೇಕಾದ್ದು ಷೇರುಗಳ ಕಡೆಗೆ. ಒಮ್ಮೆ ಕಂಪನಿಯನ್ನು ಕಳೆದುಕೊಂಡ ಮನೆತನ ಅದನ್ನು ಮತ್ತೆ ಹಿಡಿದು, ಇನ್ನೊಮ್ಮೆ ಕೈ ಜಾರದ ಹಾಗೆ ಗಂಟು ಹಾಕಿಕೊಂಡಿತು. ನಮ್ಮ ಯುಬಿಯಲ್ಲಿ, ಅಂದರೆ ಯುನೈಟೆಡ್ ಬ್ರೂವರೀಸ್‌ನಲ್ಲಿ, ಆಗಿದ್ದು ಇದರ ಉಲ್ಟಾ.

ಆಮ್‌ಸ್ಟರ್‌ಡ್ಯಾಂ ಊರಿನ ನಡುವೆ 'ದೆ ಹೋಯ್‌ಬರ್ಗ್', ಅಂದರೆ 'ಹುಲ್ಲಿನ ಬಣವೆ' ಅನ್ನುವ ಹೆಸರಿನ ಬ್ರೂವರಿ (ಬಿಯರ್ ಕಾರ್ಖಾನೆ) ಇತ್ತು. 1592ರಷ್ಟು ಹಳೆಯದು. 1864ರಲ್ಲಿ ಗೆರಾರ್ಡ್ ಏಡ್ರಿಯಾನ್ ಹೈನೆಕೆನ್ ಅದನ್ನು ಕೊಂಡ. ಆಗ ಅವನಿಗೆ 22 ವರ್ಷ. ಬಂಡವಾಳಕ್ಕೆ ಅಮ್ಮನ ಹತ್ತಿರ ಹೋಗಬೇಕಾಯಿತು. ಜನ ಜಿನ್ ಕುಡಿದು ಹಾಳಾಗುತ್ತಿದ್ದಾರೆ, ಒಳ್ಳೆ ಬಿಯರ್ ಸಿಕ್ಕರೆ ಕುಡುಕರ ಕಾಟ ಕಡಿಮೆಯಾಗುತ್ತೆ ಅಂತ ಹೇಳಿ ಅಮ್ಮನನ್ನು ಒಪ್ಪಿಸಿದ ಅನ್ನುವುದು ಕಂಪನಿಯವರು ಹೇಳಿಕೊಂಡು ಬಂದ ಕಥೆ. ಬಿಯರ್ ಮಾರುವವರು ಇವತ್ತಿಗೂ ಅಬಕಾರಿ ಇಲಾಖೆಯ ಮುಂದೆ ಇದೇ ವಾದ ಇಡುತ್ತಾರೆ, ಬಿಡಿ.

ಗೆರಾರ್ಡ್‌ಗೆ ಬಿಯರ್ ತಯಾರಿ ಗೊತ್ತಿರಲಿಲ್ಲ. ಆದರೆ ಗೊತ್ತಿರುವವರನ್ನು ಹುಡುಕಿ ತರುವುದು ಗೊತ್ತಿತ್ತು. ಜರ್ಮನಿಯಿಂದ ವಿಲ್‌ಹೆಲ್ಮ್ ಫೆಲ್ಟ್‌ಮನ್ ಅನ್ನುವ ಬ್ರೂ ಮಾಸ್ಟರ್‌ನನ್ನು ಕರೆತಂದ. 1869ರಲ್ಲಿ ದಕ್ಷಿಣ ಜರ್ಮನಿಯ ಬವೇರಿಯಾದ ಪದ್ಧತಿಗೆ ಬದಲಾದ. ಇದು ಸಣ್ಣ ಬದಲಾವಣೆ ಅಲ್ಲ. ಹಳೇ ಪದ್ಧತಿಯಲ್ಲಿ ಯೀಸ್ಟ್ ಬೆಚ್ಚಗಿನ ತೊಟ್ಟಿಯಲ್ಲಿ ಬೇಗ ಬೇಗ ಹುದುಗಿ ನೊರೆಯ ಜೊತೆ ಮೇಲಕ್ಕೆ ಬರುತ್ತದೆ. ಬಿಯರ್ ಮಬ್ಬಾಗಿರುತ್ತದೆ, ಬೇಗ ಹುಳಿಯಾಗುತ್ತದೆ. ಬವೇರಿಯಾದ ಪದ್ಧತಿಯಲ್ಲಿ ತೊಟ್ಟಿ 10 ಡಿಗ್ರಿ ಆಸುಪಾಸು ತಣ್ಣಗಿರಬೇಕು. ಯೀಸ್ಟ್ ನಿಧಾನಕ್ಕೆ ಕೆಲಸ ಮಾಡಿ ತಳಕ್ಕೆ ಕೂರುತ್ತದೆ. ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಟ್ಟು ಮಾಗಿಸಬೇಕು. ಸಿಗುವುದು ತಿಳಿಯಾದ, ಹೊಂಬಣ್ಣದ, ಬೇಗ ಕೆಡದ ಬಿಯರ್. ನಾವು ಲಾಗರ್ ಅನ್ನುವುದು ಇದನ್ನೇ. ಕಿಂಗ್‌ಫಿಷರ್ ಕೂಡ ಲಾಗರ್.

ಬೇಗ ಕೆಡುವುದಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಕೆಡದ ಬಿಯರನ್ನು ಹಡಗಿಗೆ ಹಾಕಬಹುದು. 1873ರಲ್ಲಿ ಕಂಪನಿ ಕಟ್ಟಿ, ಮರುವರ್ಷ ಬಂದರು ಪಟ್ಟಣ ರಾಟರ್‌ಡ್ಯಾಂನಲ್ಲಿ ಎರಡನೇ ಬ್ರೂವರಿ ತೆರೆದಿದ್ದು ಸುಮ್ನೆ ಅಲ್ಲ. 1886ರಲ್ಲಿ ಎಲಿಯೋನ್ ಅನ್ನುವ ವಿಜ್ಞಾನಿ ಕಂಪನಿಯ ಲ್ಯಾಬಿನಲ್ಲಿ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿದರು. ಇವರು ಲೂಯಿ ಪಾಶ್ಚರ್ ಶಿಷ್ಯರು. ಅದಕ್ಕೆ 'ಎ-ಯೀಸ್ಟ್' ಅಂತ ಹೆಸರು. ಇವತ್ತಿಗೂ ಯಾವ ದೇಶದಲ್ಲಿ ಹೈನೆಕೆನ್ ತಯಾರಾದರೂ ಅದೇ ತಳಿ ಬಳಸುತ್ತಾರೆ.

ಈ ಯೀಸ್ಟಿನ ಮಹತ್ವ ತಿಳಿಯಬೇಕಾದರೆ ಬಿಯರ್ ವ್ಯಾಪಾರದ ಕಷ್ಟ ತಿಳಿಯಬೇಕು. ಬಾಟಲಿಯಲ್ಲಿರುವ ಬಿಯರಿನಲ್ಲಿ 90 ಪಾಲಿಗೂ ಮೇಲೆ ನೀರೇ. ಮೇಲೆ ಗಾಜಿನ ಭಾರ. ದೂರ ಸಾಗಿಸಿದಷ್ಟೂ ಲಾಭ ಬಾಡಿಗೆಗೇ ಹೋಗುತ್ತದೆ. ವಿಸ್ಕಿ ಹಾಗಲ್ಲ, ಚಿಕ್ಕ ಬಾಟಲಿಗೆ ದೊಡ್ಡ ಬೆಲೆ. ಅದಕ್ಕೇ ಸ್ಕಾಚ್ ಸ್ಕಾಟ್ಲೆಂಡಿನಲ್ಲೇ ತಯಾರಾಗಿ ಪ್ರಪಂಚ ಸುತ್ತುತ್ತದೆ, ಬಿಯರ್ ಮಾತ್ರ ಆಯಾ ಊರಲ್ಲೇ ತಯಾರಾಗುತ್ತದೆ. ಹಾಗಾಗಿ ಬಿಯರ್ ಕಂಪನಿ ಪರದೇಶದಲ್ಲಿ ಬೆಳೆಯಬೇಕಾದರೆ ದಾರಿ ಎರಡೇ. ಒಂದು, ಸಾಗಾಣಿಕೆ ಖರ್ಚನ್ನೂ ನುಂಗುವಷ್ಟು ಜಾಸ್ತಿ ಬೆಲೆಗೆ ಮಾರುವುದು. ಇನ್ನೊಂದು, ಅಲ್ಲಿಯ ಬ್ರೂವರಿಯಲ್ಲಿ ಪಾಲು ತೆಗೆದುಕೊಂಡು, ಯೀಸ್ಟ್ ಮತ್ತು ಹೆಸರನ್ನು ಮಾತ್ರ ಕಳಿಸುವುದು. ಹೈನೆಕೆನ್ ಎರಡನ್ನೂ ಮಾಡಿತು. ಅಮೆರಿಕದಲ್ಲಿ ಮೊದಲನೆಯದು, ಏಷ್ಯಾ ಮತ್ತು ಆಫ್ರಿಕಾದಲ್ಲಿ ಎರಡನೆಯದು.

ಏಷ್ಯಾದ ಕಥೆ 1931ರಲ್ಲಿ ಶುರು. ಸಿಂಗಪುರದಲ್ಲಿ ಸೋಡಾ, ಶರಬತ್ತು ಮಾರುತ್ತಿದ್ದ ಫ್ರೇಸರ್ ಅಂಡ್ ನೀವ್ ಕಂಪನಿಯ ಜೊತೆ ಸೇರಿ ಮಲಯನ್ ಬ್ರೂವರೀಸ್ ಕಟ್ಟಿದರು. ಮರುವರ್ಷ ಬಂದಿದ್ದೇ ಟೈಗರ್ ಬಿಯರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ನೈಜೀರಿಯಾದಲ್ಲೂ ಇದೇ ಥರ ಪಾಲುದಾರಿಕೆ. ಪೂರ್ತಿ ಒಡೆತನಕ್ಕೆ ಅವಸರ ಇಲ್ಲ. ಸ್ಥಳೀಯರ ಜೊತೆ ಅರ್ಧ ಪಾಲು ಇಟ್ಟುಕೊಂಡು ದಶಕಗಟ್ಟಲೆ ಕಾಯುವುದು ಈ ಕಂಪನಿಯ ಜಾಯಮಾನ. ಸಿಂಗಪುರದಲ್ಲಿ ಎಷ್ಟು ಕಾಲ ಕಾದರು ಗೊತ್ತಾ? 2012ರವರೆಗೆ. ಆ ವರ್ಷ ಥಾಯ್ಲೆಂಡಿನ ಶ್ರೀಮಂತ ಚರೋಯೆನ್ ಸಿರಿವಧನಭಕ್ತಿ ಬಳಗ ಫ್ರೇಸರ್ ಅಂಡ್ ನೀವ್ ಮೇಲೆ ಕಣ್ಣು ಹಾಕಿತು. ಕೂಡಲೇ ಹೈನೆಕೆನ್ ಜೇಬು ಬಿಚ್ಚಿ, ಷೇರಿಗೆ 53 ಸಿಂಗಪುರ ಡಾಲರ್ ಕೊಟ್ಟು ಪಾಲುದಾರರ ಪಾಲನ್ನೂ ಕೊಂಡುಬಿಟ್ಟಿತು. ಇದನ್ನು ನೆನಪಿಟ್ಟುಕೊಳ್ಳಿ, ಬೆಂಗಳೂರಿನಲ್ಲಿ ನಡೆದದ್ದೂ ಇದೇ ಚಾಳಿ.

ಅಮೆರಿಕದ ದಾರಿ ಬೇರೆ. ಅಲ್ಲಿ 1933ರಲ್ಲಿ ಪಾನನಿಷೇಧ ಸಡಿಲವಾಯಿತು. ಕಾನೂನುಬದ್ಧವಾಗಿ ಬಂದಿಳಿದ ಮೊದಲ ವಿದೇಶಿ ಬಿಯರ್ ನಮ್ಮದೇ ಅಂತ ಹೈನೆಕೆನ್ ಹೇಳಿಕೊಳ್ಳುತ್ತದೆ. ನ್ಯೂಯಾರ್ಕ್ ಎದುರಿನ ಹೊಬೊಕೆನ್ ಬಂದರಿಗೆ ಸರಕು ಬಂತು. ಮಾರುವ ಹೊಣೆ ಲಿಯೋ ವಾನ್ ಮುನ್ಷಿಂಗ್ ಅನ್ನುವ ಡಚ್ ಮನುಷ್ಯನದು. ಅಲ್ಲಿಯ ಬಿಯರಿಗಿಂತ ಜಾಸ್ತಿ ಬೆಲೆ, ಹಸಿರು ಬಾಟಲಿ, ಒಳ್ಳೆ ಹೋಟೆಲುಗಳಲ್ಲಿ ಜಾಗ. 1946ರಲ್ಲಿ ಆತನ ಕೈಕೆಳಗೆ ಕಲಿಯಲು ಒಬ್ಬ ಹುಡುಗ ಬಂದ. ಸಂಸ್ಥಾಪಕ ಗೆರಾರ್ಡ್‌ನ ಮೊಮ್ಮಗ ಆಲ್‌ಫ್ರೆಡ್ ಹೈನೆಕೆನ್. ಎಲ್ಲರೂ ಕರೆಯುತ್ತಿದ್ದುದು ಫ್ರೆಡ್ಡಿ ಅಂತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಫ್ರೆಡ್ಡಿ ಕಂಪನಿ ಸೇರುವ ಹೊತ್ತಿಗೆ ಅದು ಅವರ ಮನೆಯದಾಗಿ ಉಳಿದಿರಲಿಲ್ಲ! 1939ರಲ್ಲಿ ಷೇರುಪೇಟೆಗೆ ಹೋಗಿತ್ತು. ಅಪ್ಪ ಹೆನ್ರಿ ಪಿಯರ್ ಕಾಲದಲ್ಲಿ ಮನೆತನದ ಕೈಯಿಂದ ಬಹುಮತ ಜಾರಿಹೋಗಿತ್ತು. ಬಾಟಲಿಯ ಮೇಲೆ ತನ್ನ ಹೆಸರು, ಒಳಗೆ ತಾನು ಬರೀ ನೌಕರ. ಫ್ರೆಡ್ಡಿ ಇದನ್ನು ಸಹಿಸಲಿಲ್ಲ. ಸದ್ದಿಲ್ಲದೆ ಷೇರು ಕೂಡಿಸುತ್ತಾ ಹೋಗಿ 1954ರ ಹೊತ್ತಿಗೆ ಹಿಡಿತ ವಾಪಸ್ ಪಡೆದ. ಆಮೇಲೆ ಇನ್ನೆಂದೂ ಕಳೆದುಕೊಳ್ಳದ ಹಾಗೆ ಒಂದು ಏಣಿ ಕಟ್ಟಿದ.

ಷೇರುದಾರರಾದ ನಿಮಗೆ ಈ ಏಣಿ ಇಷ್ಟವಾಗಬಹುದು. ಬ್ರೂವರಿ ನಡೆಸುವ ಕಂಪನಿ ಹೈನೆಕೆನ್ ಎನ್‌ವಿ. ಅದರ ಬೆಲೆ 100 ರೂಪಾಯಿ ಅಂದುಕೊಳ್ಳಿ. ಅದರಲ್ಲಿ 50ಕ್ಕಿಂತ ಚೂರು ಜಾಸ್ತಿ ಇರುವುದು ಹೈನೆಕೆನ್ ಹೋಲ್ಡಿಂಗ್ ಕೈಯಲ್ಲಿ. ಈ ಹೋಲ್ಡಿಂಗ್ ಕೂಡ ಷೇರುಪೇಟೆಯಲ್ಲಿದೆ, ಯಾರು ಬೇಕಾದರೂ ಕೊಳ್ಳಬಹುದು. ಆದರೆ ಅದರ ಅರ್ಧಕ್ಕಿಂತ ಚೂರು ಜಾಸ್ತಿ ಪಾಲು ಲಾರ್ಶ್ ಗ್ರೀನ್ ಅನ್ನುವ ಖಾಸಗಿ ಕಂಪನಿಯದು. ಅಂದರೆ 100ರಲ್ಲಿ 26 ರೂಪಾಯಿ. ಲಾರ್ಶ್ ಗ್ರೀನ್‌ನಲ್ಲಿ ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಪಾಲು ಹೈನೆಕೆನ್ ಮನೆತನದ್ದು. ಲೆಕ್ಕ ಹಾಕಿದರೆ ಮನೆಯವರ ಸ್ವಂತ ದುಡ್ಡು 100ರಲ್ಲಿ 23–24 ರೂಪಾಯಿ ಮಾತ್ರ. ಮಾತು ನಡೆಯುವುದು ಪೂರ್ತಿ ನೂರರ ಮೇಲೆ. ಪ್ರತಿ ಮೆಟ್ಟಿಲಲ್ಲೂ ಅರ್ಧಕ್ಕಿಂತ ಚೂರು ಜಾಸ್ತಿ ಹಿಡಿದರೆ ಸಾಕು, ಉಳಿದ ಬಂಡವಾಳ ಬೇರೆಯವರದು. ಚೆನ್ನಾಗಿದೆಯೋ ಅನ್ಯಾಯವೋ ಅದು ಬೇರೆ ಚರ್ಚೆ. ಚಿಕ್ಕ ಷೇರುದಾರನ ಕಡೆಯಿಂದ ನೋಡಿದರೆ ನನಗೇನೂ ಖುಷಿ ಇಲ್ಲ.

ಫ್ರೆಡ್ಡಿ ಮನಸ್ಸಿನಿಂದ ಜಾಹೀರಾತಿನ ಮನುಷ್ಯ. ಮುಂದಿನ ಸಲ ಹೈನೆಕೆನ್ ಬಾಟಲಿ ಕಣ್ಣಿಗೆ ಬಿದ್ದರೆ ಹೆಸರನ್ನು ಗಮನಿಸಿ ನೋಡಿ. ಅದರಲ್ಲಿ ಮೂರು ಕಡೆ ಬರುವ 'ಇ' ಅಕ್ಷರ ಸ್ವಲ್ಪ ಹಿಂದಕ್ಕೆ ವಾಲಿದೆ, ಒಳಗಿನ ಗೆರೆ ಓರೆಯಾಗಿದೆ. ದೂರದಿಂದ ನಕ್ಕ ಹಾಗೆ ಕಾಣುತ್ತದೆ. ಅದು ಇವನದೇ ಐಡಿಯಾ. ಇನ್ನೊಂದು ಐಡಿಯಾ ಇದಕ್ಕಿಂತ ವಿಚಿತ್ರ. 1960ರಲ್ಲಿ ಕೆರಿಬಿಯನ್ ದ್ವೀಪ ಕುರಸಾವೋಗೆ ಹೋಗಿದ್ದಾಗ ಎರಡು ವಿಷಯ ಕಣ್ಣಿಗೆ ಬಿದ್ದವು. ಕಡಲ ದಂಡೆ ತುಂಬಾ ಖಾಲಿ ಬಾಟಲಿ, ಬಡವರಿಗೆ ಮನೆ ಕಟ್ಟಲು ಸಾಮಾನಿಲ್ಲ. ಬಾಟಲಿಯನ್ನೇ ಇಟ್ಟಿಗೆ ಮಾಡಿದರೆ? ಜಾನ್ ಹಬ್ರಾಕನ್ ಅನ್ನುವ ವಾಸ್ತುಶಿಲ್ಪಿಯನ್ನು ಹಿಡಿದು ಚೌಕಾಕಾರದ ಬಾಟಲಿ ಮಾಡಿಸಿದ. ಅಡ್ಡ ಮಲಗಿಸಿದರೆ ಒಂದರ ಕುತ್ತಿಗೆ ಇನ್ನೊಂದರ ಬುಡದ ಗುಳಿಗೆ ಸರಿಯಾಗಿ ಕೂರುತ್ತಿತ್ತು. ಗಾರೆ ನಿಲ್ಲಲಿ ಅಂತ ಮೈಮೇಲೆ ಉಬ್ಬು ಚುಕ್ಕಿಗಳು. 1963ರಲ್ಲಿ ಸುಮಾರು ಒಂದು ಲಕ್ಷ ಬಾಟಲಿ ತಯಾರಾದವು. ಕಂಪನಿಯ ಮಾರಾಟ ವಿಭಾಗಕ್ಕೆ ಇಷ್ಟವಾಗಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ನನಗಂತೂ ಈ ಕಂಪನಿಯ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದದ್ದು ಈ ಸೋತ ಬಾಟಲಿಯೇ.

1968ರಲ್ಲಿ ಊರಿನ ಎದುರಾಳಿ ಆಮ್‌ಸ್ಟೆಲ್ ಕೂಡ ಹೈನೆಕೆನ್ ಪಾಲಾಯಿತು. 1975ರಲ್ಲಿ ಜೂಟರ್‌ವೌಡೆಯಲ್ಲಿ ದೊಡ್ಡ ಬ್ರೂವರಿ ತೆರೆಯಿತು. ಆಮ್‌ಸ್ಟರ್‌ಡ್ಯಾಂನ ಹಳೇ ಬ್ರೂವರಿ 1988ರಲ್ಲಿ ಮುಚ್ಚಿತು, ಈಗ ಅದು ಪ್ರವಾಸಿಗರು ಟಿಕೆಟ್ ಕೊಟ್ಟು ನೋಡುವ ಜಾಗ. ಈ ನಡುವೆ 1983ರ ನವೆಂಬರಿನಲ್ಲಿ ಫ್ರೆಡ್ಡಿ ಮತ್ತು ಅವನ ಡ್ರೈವರ್ ಅಪಹರಣವಾಯಿತು. ಮೂರು ವಾರ ಒತ್ತೆಯಾಳಾಗಿದ್ದು, 3.5 ಕೋಟಿ ಗಿಲ್ಡರ್ (ಆಗಿನ ಡಚ್ ಹಣ) ಕೊಟ್ಟ ಮೇಲೆ ಪೊಲೀಸರು ಬಿಡಿಸಿಕೊಂಡು ಬಂದರು. 2002ರಲ್ಲಿ ಫ್ರೆಡ್ಡಿ ತೀರಿಕೊಂಡಾಗ ಎಲ್ಲವೂ ಒಬ್ಬಳೇ ಮಗಳು ಶಾರ್ಲೀನ್ ಡಿ ಕರ್ವಾಲೊ-ಹೈನೆಕೆನ್ ಪಾಲಿಗೆ ಬಂತು.

ಆಮೇಲಿನದು ದೊಡ್ಡ ದೊಡ್ಡ ಖರೀದಿಗಳ ಕಾಲ. 2003ರಲ್ಲಿ ಆಸ್ಟ್ರಿಯಾದ ಬಿಬಿಎಜಿ, ಅದರಿಂದ ಮಧ್ಯ ಮತ್ತು ಪೂರ್ವ ಯೂರೋಪು ತೆರೆಯಿತು. 2010ರಲ್ಲಿ ಮೆಕ್ಸಿಕೊದ ಫೆಮ್ಸಾ ಬಿಯರ್ ವ್ಯಾಪಾರ. ಇದಕ್ಕೆ ನಗದು ಕೊಡಲಿಲ್ಲ, ಷೇರು ಕೊಟ್ಟರು. ಹತ್ತಿರ ಹತ್ತಿರ ಐದನೇ ಒಂದು ಪಾಲು ಫೆಮ್ಸಾಗೆ ಹೋದರೂ ಏಣಿ ಅಲುಗಲಿಲ್ಲ. 2014ರಲ್ಲಿ ನಿಜವಾದ ಪರೀಕ್ಷೆ ಬಂತು. ತನಗಿಂತ ದೊಡ್ಡದಾದ ಬಿಯರ್ ಕಂಪನಿ ಸ್ಯಾಬ್‌ಮಿಲ್ಲರ್ ಬಂದು ನಿಮ್ಮನ್ನು ಕೊಳ್ಳುತ್ತೇವೆ ಅಂದಿತು. ಮನೆತನ ಬೇಡ ಅಂದಿತು, ಮಾತು ಮುಗಿಯಿತು. ಎರಡು ವರ್ಷದಲ್ಲಿ ಆ ಸ್ಯಾಬ್‌ಮಿಲ್ಲರನ್ನೇ ಆನ್‌ಹೈಸರ್-ಬುಶ್ ಇನ್‌ಬೆವ್ ನುಂಗಿತು. ಹೈನೆಕೆನ್ ಪ್ರಪಂಚದ ಎರಡನೇ ದೊಡ್ಡ ಬಿಯರ್ ಕಂಪನಿಯಾಗಿ ಉಳಿಯಿತು.

ಈಗ ನಮ್ಮ ಊರಿನ ಕಡೆ ಬರೋಣ. ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಅವುಗಳಲ್ಲಿ ಕ್ಯಾಸಲ್ ಬ್ರೂವರಿ 1857ರಷ್ಟು ಹಳೆಯದು. ಬ್ರಿಟಿಷ್ ಸೈನಿಕರಿಗೆ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ಹೋಗುತ್ತಿತ್ತು. ಬಂಟ್ವಾಳ ಮೂಲದ ವಿಠಲ ಮಲ್ಯ ಇದರ ಷೇರು ಕೊಳ್ಳುತ್ತಾ ಹೋಗಿ 1947ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರು. ನಿಮ್ಮ ಕಡೆಯವರೇ ಅಲ್ವಾ. ಕಿಂಗ್‌ಫಿಷರ್ 1978ರಲ್ಲಿ ಬಂತು. 1983ರಲ್ಲಿ ವಿಠಲ ಮಲ್ಯ ತೀರಿಕೊಂಡರು, 30 ಕೂಡ ದಾಟದ ಮಗ ವಿಜಯ್ ಮಲ್ಯ ಕುರ್ಚಿಗೆ ಬಂದರು.

ವಿಜಯ್ ಮಲ್ಯ ಬಿಯರನ್ನು ಚೆನ್ನಾಗಿಯೇ ಬೆಳೆಸಿದರು, ಅದನ್ನು ಒಪ್ಪಬೇಕು. ಬ್ರಿಟನ್ನಿನ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್ ಕಂಪನಿಯನ್ನು ಪಾಲುದಾರರಾಗಿ ತಂದರು. ಅವರದು ಶೇ 37.5, ಮಲ್ಯ ಬಳಗದ್ದೂ ಅಷ್ಟೇ. ಸಮ ಸಮ. 2008ರಲ್ಲಿ ಹೈನೆಕೆನ್ ಮತ್ತು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಸೇರಿ 780 ಕೋಟಿ ಪೌಂಡಿಗೆ ಆ ಬ್ರಿಟಿಷ್ ಕಂಪನಿಯನ್ನೇ ಕೊಂಡು ಹಂಚಿಕೊಂಡವು. ಯುಬಿಯ ಪಾಲು ಹೈನೆಕೆನ್ ಭಾಗಕ್ಕೆ ಬಂತು. ಬೆಂಗಳೂರಿನಲ್ಲಿ ಯಾರೂ ಏನೂ ಮಾರದೆ, ಪಾಲುದಾರ ಬದಲಾಗಿದ್ದ.

ಮೊದಮೊದಲು ಜಗಳ. ಸಿಂಗಪುರದ ಪಾಲುದಾರಿಕೆ ಕಂಪನಿಯ ಮೂಲಕ ಹೈನೆಕೆನ್ ಆಗಲೇ ಭಾರತದಲ್ಲಿ ಟೈಗರ್ ಮಾರುತ್ತಿತ್ತು. ಒಂದು ಕಡೆ ಪಾಲುದಾರ, ಇನ್ನೊಂದು ಕಡೆ ಎದುರಾಳಿ ಅಂದರೆ ಮಲ್ಯ ಒಪ್ಪುತ್ತಾರೆಯೇ? 2009ರ ಡಿಸೆಂಬರಿನಲ್ಲಿ ರಾಜಿಯಾಯಿತು. 2011ರಿಂದ ಹೈನೆಕೆನ್ ಬಿಯರನ್ನು ಯುಬಿಯೇ ಇಲ್ಲಿ ತಯಾರಿಸತೊಡಗಿತು.

ಆಮೇಲೆ ಹೈನೆಕೆನ್ ತನಗೆ ಗೊತ್ತಿದ್ದ ಕೆಲಸ ಮಾಡಿತು. ಕಾಯಿತು. 2005ರಲ್ಲಿ ಶುರುವಾದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಸಾಲಕ್ಕೆ ಒತ್ತೆ ಇಟ್ಟಿದ್ದರಲ್ಲಿ ಯುಬಿ ಷೇರುಗಳೂ ಇದ್ದವು. ಸಾಲ ಕೊಟ್ಟವರು ಅವನ್ನು ಮಾರಿದಾಗಲೆಲ್ಲ ಹೈನೆಕೆನ್ ಸ್ವಲ್ಪ ಸ್ವಲ್ಪ ಕೊಂಡು ಶೇ 46.5ಕ್ಕೆ ಮುಟ್ಟಿತು. ಮಲ್ಯ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. 2021ರ ಜೂನ್ 23ರಂದು ಸಾಲ ವಸೂಲಾತಿ ನ್ಯಾಯಮಂಡಳಿಯ ಅಧಿಕಾರಿ ಮಾರಿದ ಶೇ 15ರಷ್ಟು ಪಾಲನ್ನು ಸುಮಾರು 5,825 ಕೋಟಿ ರೂಪಾಯಿಗೆ ಹೈನೆಕೆನ್ ಕೊಂಡಿತು. ಒಟ್ಟು ಶೇ 61.5. ಬ್ಯಾಂಕುಗಳಿಗೆ ಒಂದಿಷ್ಟು ಸಾಲ ವಾಪಸ್ ಬಂತು, ಡಚ್ಚರಿಗೆ ಕಂಪನಿ ಬಂತು.

ನೋಡಿ, ಎರಡೂ ಕಡೆ ಬ್ರೂವರಿಗೇನೂ ಧಾಡಿ ಇರಲಿಲ್ಲ. ಫ್ರೆಡ್ಡಿ ಹಿಡಿತದ ಷೇರನ್ನು ಬೇರೆ ಯಾವ ಸಾಹಸಕ್ಕೂ ಮುಟ್ಟಲಿಲ್ಲ. ಮಲ್ಯ ಅದನ್ನೇ ವಿಮಾನಕ್ಕೆ ಒತ್ತೆ ಇಟ್ಟರು. ಬಿಯರ್ ಕಂಪನಿ ಮುಳುಗಿ ಕೈ ತಪ್ಪಿದ್ದಲ್ಲ, ಚೆನ್ನಾಗಿ ನಡೆಯುತ್ತಿದ್ದಾಗಲೇ ಕೈ ತಪ್ಪಿದ್ದು.

ಹೈನೆಕೆನ್‌ಗೆ ಇದು ಇಷ್ಟೊಂದು ಬೇಕಾಗಿದ್ದು ಯಾಕೆ? ಭಾರತದಲ್ಲಿ ಮದ್ಯ ರಾಜ್ಯಗಳ ವಿಷಯ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಿಯರ್ ಒಯ್ದರೆ ಬೇರೆ ಶುಲ್ಕ, ಬೇರೆ ಲೇಬಲ್, ಬೇರೆ ಪರವಾನಗಿ. ಆದ್ದರಿಂದ ರಾಜ್ಯಕ್ಕೊಂದು ಬ್ರೂವರಿ ಇದ್ದವನೇ ಗೆಲ್ಲುವುದು. ಯುಬಿ ಆ ಜಾಲವನ್ನು ದಶಕಗಳಿಂದ ಕಟ್ಟಿತ್ತು. ಕರ್ನಾಟಕದಲ್ಲೇ ನೆಲಮಂಗಲ, ನಂಜನಗೂಡಿನಲ್ಲಿ ಬ್ರೂವರಿಗಳಿವೆ. ಹೊಸಬ ಬಂದು ಇದನ್ನು ಮೊದಲಿಂದ ಕಟ್ಟುವುದು ಕಷ್ಟ.

ಹಾಗಂತ ಆರಾಮಾಗಿ ಕೂತು ಲಾಭ ಎಣಿಸುವ ವ್ಯಾಪಾರ ಅಲ್ಲ ಇದು. 2021ರ ಸೆಪ್ಟೆಂಬರಿನಲ್ಲಿ ಸ್ಪರ್ಧಾ ಆಯೋಗ ಬಿಯರ್ ಕಂಪನಿಗಳು ಒಳಗೊಳಗೇ ಬೆಲೆ ಹೊಂದಿಸಿಕೊಂಡಿದ್ದವು ಅಂತ ತೀರ್ಮಾನಿಸಿ ಯುಬಿಗೆ ಸುಮಾರು 752 ಕೋಟಿ ದಂಡ ಹಾಕಿತು. ಆ ತೀರ್ಪಿನ ಅವಧಿ ಹೈನೆಕೆನ್ ಬಹುಮತ ಪಡೆಯುವ ಮೊದಲಿನದು, ಆದರೂ ತಲೆನೋವು ಈಗಿನವರದು. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ 185ಕ್ಕೆ ಏರಿಸಿತು. 2025ರ ಜನವರಿಯಲ್ಲಿ ತೆಲಂಗಾಣದಲ್ಲಿ ಯುಬಿ ಕೆಲ ದಿನ ಬಿಯರ್ ಪೂರೈಕೆಯನ್ನೇ ನಿಲ್ಲಿಸಿತ್ತು. ಸರ್ಕಾರದ ನಿಗಮ ವರ್ಷಗಟ್ಟಲೆ ಖರೀದಿ ಬೆಲೆ ಏರಿಸಿಲ್ಲ, ಬಾಕಿಯೂ ಕೊಟ್ಟಿಲ್ಲ ಅನ್ನುವುದು ತಕರಾರು. ಇಲ್ಲಿ ಬಿಯರಿನ ಬೆಲೆ ಕಟ್ಟುವುದರಲ್ಲಿ ಆಮ್‌ಸ್ಟರ್‌ಡ್ಯಾಂಗಿಂತ ರಾಜ್ಯ ಸರ್ಕಾರಗಳ ಕೈಯೇ ಜೋರು.

ಇನ್ನೊಂದು ಮಾತು, ಇದನ್ನು ತುಂಬಾ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ನಿಮ್ಮ ಹತ್ತಿರ ಇರುವುದು ಯುನೈಟೆಡ್ ಬ್ರೂವರೀಸ್, ಅಂದರೆ ಬಿಯರ್. ವಿಸ್ಕಿ, ರಮ್ಮಿನ ಯುನೈಟೆಡ್ ಸ್ಪಿರಿಟ್ಸ್ ಬೇರೆ ಕಂಪನಿ. ಅದೂ ಮೊದಲು ಮಲ್ಯ ಅವರದೇ, ಆದರೆ ಹೋಗಿದ್ದು ಬ್ರಿಟನ್ನಿನ ಡಿಯಾಜಿಯೊ ಕೈಗೆ. ಆರ್‌ಸಿಬಿ ತಂಡವೂ ಅದರ ಜೊತೆಗೇ ಹೋಯಿತು. ಹಾಗಾಗಿ ಆರ್‌ಸಿಬಿ ಗೆದ್ದರೆ ನಿಮ್ಮ ಷೇರಿಗೆ ಏನೂ ಆಗಬೇಕಿಲ್ಲ.

ನಿಮ್ಮ ಷೇರು ಮೊದಲಿನ ಹಾಗೆಯೇ ಪೇಟೆಯಲ್ಲಿದೆ, ಕಚೇರಿ ಬೆಂಗಳೂರಿನ ಯುಬಿ ಟವರಿನಲ್ಲೇ ಇದೆ. ನಮ್ಮ ನಿಯಮದಂತೆ ಶೇ 25 ಪಾಲು ಸಾರ್ವಜನಿಕರ ಕೈಯಲ್ಲಿ ಇರಲೇಬೇಕು. ಅಂದರೆ ಹೈನೆಕೆನ್ 75ರವರೆಗೆ ಹೋಗಬಹುದು, ಅವಸರ ಮಾಡುವ ಕಂಪನಿ ಅದಲ್ಲ ಅನ್ನುವುದನ್ನು ಆಗಲೇ ನೋಡಿದಿರಿ. ಮೂರು ತಿಂಗಳಿಗೊಮ್ಮೆ ಪ್ರಕಟವಾಗುವ ಷೇರುದಾರಿಕೆ ಪಟ್ಟಿಯಲ್ಲಿ ಪ್ರವರ್ತಕರ (ಕಂಪನಿಯ ಹಿಡಿತ ಇರುವವರ) ಪಾಲಿನ ಪಕ್ಕದಲ್ಲೇ ಅದರಲ್ಲಿ ಎಷ್ಟು ಒತ್ತೆ ಬಿದ್ದಿದೆ ಅನ್ನುವ ಕಾಲಂ ಇರುತ್ತದೆ. ಯುಬಿ ಇರಲಿ, ಬೇರೆ ಯಾವ ಕಂಪನಿ ಇರಲಿ, ಲಾಭದ ಅಂಕಿ ನೋಡುವ ಮೊದಲು ಆ ಕಾಲಂ ನೋಡಿ.